ಅಳಿಲಕ್ಕನ ಗಂಟಲು

ಅಳಿಲಕ್ಕನಿಗೆ ಆ ಹೆಸರಿಟ್ಟವರು ಯಾರೆಂದು ನಮ್ಮ ಸ್ಟುಡಿಯೋದಲ್ಲಿ ಯಾರಿಗೂ ನೆನಪಿಲ್ಲ. ನಾನು ಅಲ್ಲಿ ಧ್ವನಿಮುದ್ರಣದ ಕೆಲಸಕ್ಕೆ ಸೇರುವ ಹೊತ್ತಿಗಾಗಲೇ ಆಕೆ ಅಳಿಲಕ್ಕ ಆಗಿದ್ದರು. ಗಾಜಿನ ಗೋಡೆಯ ಆಚೆ ಮೈಕಿನ ಮುಂದೆ ಆಕೆ, ಈಚೆ ಗುಂಡಿಗಳ ಹಲಗೆಯ ಮುಂದೆ ನಾನು. ಹೀಗೆ ಹದಿನಾರು ವರ್ಷ ಎದುರುಬದುರು ಕಳೆದೆವು. ಆಳು ಗಿಡ್ಡ. ಮೈಕನ್ನು ಎಷ್ಟು ಇಳಿಸಿದರೂ ಬಾಯಿಗೆ ಎಟುಕದೆ, ಎರಡು ಹಳೆಯ ಟೆಲಿಫೋನ್ ಡೈರೆಕ್ಟರಿಗಳನ್ನು ಪೇರಿಸಿಕೊಂಡು, ಸದ್ದಾಗಬಾರದೆಂದು ಚಪ್ಪಲಿ ಬಿಟ್ಟು, ಅವುಗಳ ಮೇಲೆ ಹತ್ತಿ ನಿಲ್ಲುತ್ತಿದ್ದರು. ಬಾಯಲ್ಲಿ ಸದಾ ಒಂದು ಲವಂಗ. ಅದನ್ನು ಎಡದವಡೆಯಿಂದ ಬಲದವಡೆಗೆ ದಾಟಿಸುವ ಸದ್ದು ನನ್ನ ಹೆಡ್‌ಫೋನಿನಲ್ಲಿ ಬಂಡೆ ಉರುಳಿದ ಹಾಗೆ ಕೇಳುತ್ತಿತ್ತು.

ಆಕೆಯ ಸ್ವಂತ ದನಿ ಇತ್ತೋ ಇಲ್ಲವೋ ಎನ್ನುವಷ್ಟು ಮೆದು. ಕ್ಯಾಂಟೀನಿನಲ್ಲಿ ಟೀ ಕೇಳಿದರೆ ಅಲ್ಲಿಯವನು ಮೂರು ಸಲ "ಏನಮ್ಮಾ?" ಎಂದು ಕೇಳಿ ಕೊನೆಗೆ ಕಾಫಿ ಕೊಡುತ್ತಿದ್ದ. ಆಕೆ ತುಟಿ ಪಿಟಕ್ಕೆನ್ನದೆ ಅದನ್ನೇ ಕುಡಿದು ಬರುತ್ತಿದ್ದರು. ಅಂಥವರು ಡೈರೆಕ್ಟರಿ ಹತ್ತಿದರೆ ಸಾಕು, ಬೇರೆಯೇ ಜೀವವೊಂದು ಬಾಯಿ ಬಿಡುತ್ತಿತ್ತು. ಅದು ತಗ್ಗಿನಲ್ಲಿ ಶುರುವಾಗಿ, ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತ ಮೇಲೇರಿ, ತುದಿಯಲ್ಲಿ ಗಕ್ಕನೆ ನಿಂತು, "ಹ್ಞಾಂ? ಏನಂದೆ?" ಎಂದು ತಿರುಗಿ ಬೀಳುವ ದನಿ.

ಅದು ಮಕ್ಕಳ ಕಾರ್ಟೂನಿನ ಅಳಿಲು. ಒಂದು ದಡ್ಡ ಕರಡಿ ಅಳಿಲಿನ ಗೂಡಿಗೆ ಕೈ ಹಾಕುತ್ತದೆ, ಅಳಿಲು ಅದನ್ನು ಹಿಗ್ಗಾಮುಗ್ಗಾ ಬೈಯುತ್ತದೆ, ಕರಡಿ ಪಾತ್ರೆಗೋ ಬಾವಿಗೋ ಬೀಳುತ್ತದೆ. ಕತೆ ಅಷ್ಟೇ. ಆದರೆ ಅದು ಇಪ್ಪತ್ತೆರಡು ವರ್ಷ ಓಡಿತು. ಒಂದಿಡೀ ತಲೆಮಾರು "ಹ್ಞಾಂ? ಏನಂದೆ?" ಎನ್ನುತ್ತಲೇ ಬೆಳೆದು, ಮೇಷ್ಟರುಗಳಿಂದ ಕಿವಿ ಹಿಂಡಿಸಿಕೊಂಡಿತು. ಆಮೇಲೆ ಒಂದು ದಿನ ಆ ಕಾರ್ಟೂನ್ ಕಂಪನಿಯವರು ಈಗಿನ ಮಕ್ಕಳಿಗೆ ಅಳಿಲು ಬೇಡವಂತೆ, ರೋಬೋಟ್ ಬೇಕಂತೆ ಎಂದು ಕಾಗದ ಕಳಿಸಿ ಅಳಿಲನ್ನು ನಿಲ್ಲಿಸಿಬಿಟ್ಟರು. ಅಳಿಲಕ್ಕ ಲಿಫ್ಟಿನ ದನಿಯಾದರು. "ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ಸರಿದು ನಿಲ್ಲಿ." ಒಮ್ಮೆ ದಂತವೈದ್ಯರ ಕಟ್ಟಡದಲ್ಲಿ ತಮ್ಮದೇ ದನಿ ಕೇಳಿ ಬೆಚ್ಚಿ ಸರಿದು ನಿಂತರಂತೆ. ಬಾಗಿಲು ಮುಚ್ಚಿ ಲಿಫ್ಟು ಆಕೆಯನ್ನು ಬಿಟ್ಟು ಹೊರಟೇ ಹೋಯಿತಂತೆ.

ಇಂಥ ಹೊತ್ತಿನಲ್ಲಿ ಕತೆ ಬರೆಯುವಾಕೆ ಬಂದಳು. ಮೂವತ್ತರ ಆಸುಪಾಸು, ಉಗುರೆಲ್ಲ ಕಚ್ಚಿ ಕಚ್ಚಿ ಮೊಂಡು. ಅವಳು ತಂದಿದ್ದು ದೊಡ್ಡವರಿಗಾಗಿ ಒಂದು ಕಾರ್ಟೂನ್. ಮಕ್ಕಳನ್ನು ಮಲಗಿಸಿ ನೋಡಬೇಕಾದದ್ದು. ಹಳೆಯ ಕಾಲದ ಕಾರ್ಟೂನುಗಳಲ್ಲಿ ಕುಣಿದು ಕುಪ್ಪಳಿಸಿದ ಪ್ರಾಣಿಗಳಿಗೆಲ್ಲ ಈಗ ವಯಸ್ಸಾಗಿದೆ, ಸೊಂಟ ಹಿಡಿದಿದೆ, ಸಂಸಾರ ಕೆಟ್ಟಿದೆ. ಎಲ್ಲವೂ ಒಂದೊಂದು ವ್ಯಾಜ್ಯ ಹೊತ್ತು ಕೋರ್ಟಿಗೆ ಬರುತ್ತವೆ. ಪ್ರತಿ ಕಂತಿನಲ್ಲೂ ರೋಡ್ ರೋಲರ್ ಕೆಳಗೆ ಚಪ್ಪಟೆಯಾಗಿ ಮತ್ತೆ ಎದ್ದು ಬರುತ್ತಿದ್ದ ಹುಂಜವೊಂದು ವಿಮೆ ಕೇಳಿದರೆ, ವಿಮೆಯವರು "ಮೊದಲು ಸತ್ತಿದ್ದಕ್ಕೆ ಪ್ರಮಾಣಪತ್ರ ತಾ" ಎನ್ನುತ್ತಾರೆ. ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಆನೆ ಕುಡಿದು ಸ್ಕೂಟರ್ ಓಡಿಸಿ ಸಿಕ್ಕಿಬಿದ್ದು, ಪೊಲೀಸರು ಬರೆದದ್ದಕ್ಕೆ ರುಜು ಹಾಕು ಎಂದಾಗ ತನಗೆ ಓದಲು ಬರದು ಎಂದು ಗೊಳೋ ಎನ್ನುತ್ತದೆ. ಇವರೆಲ್ಲರ ಪರ ವಾದಿಸುವವಳು ಕರಿ ಕೋಟು ತೊಟ್ಟ ಒಂದು ಮುದಿ ಹೆಗ್ಗಣ. ಗೆದ್ದದ್ದು ಕಡಿಮೆ, ಬೈದದ್ದು ಹೆಚ್ಚು.

"ಹೆಗ್ಗಣ ವಕೀಲೆಗೆ ನೀವೇ ಬೇಕು ಅಕ್ಕಾ. ಚಿಕ್ಕವಳಿದ್ದಾಗ ನಿಮ್ಮ ಹತ್ರ ಬೈಸ್ಕೊಂಡೇ ಊಟ ಮಾಡ್ತಿದ್ದೆ ನಾನು," ಎಂದಳು.

ಮೊದಲ ದಿನ ಮುದ್ರಣ ಕೆಟ್ಟಿತು. ಹಾಳೆಯ ತುಂಬ ಬೈಗುಳ. ಪಡ್ಡೆಗಳು ಬೀದಿಯಲ್ಲಿ ಆಡುವಂಥದ್ದು, ಇಲ್ಲಿ ಬರೆಯಲು ಬಾರದ್ದು. ಅಳಿಲಕ್ಕ ಹಾಳೆ ನೋಡಿದರು, ಗಾಜಿನಾಚೆ ನನ್ನನ್ನು ನೋಡಿದರು, ಕಿವಿಯವರೆಗೂ ಕೆಂಪಾದರು. ಬಾಯಿ ತೆರೆದರೆ ಲಿಫ್ಟಿನ ದನಿಯಲ್ಲಿ ಬೈಗುಳ ಬಂತು. ಸರಿದು ನಿಲ್ಲಿ ಎಂದ ಹಾಗಿತ್ತು.

ಕತೆ ಬರೆಯುವಾಕೆ ಹಾಳೆ ಕಿತ್ತುಕೊಂಡಳು. "ಇದನ್ನ ಬಿಡಿ ಅಕ್ಕಾ. ನಿಮ್ಮ ಮನೇಲಿ ಸಿಟ್ಟು ಬಂದ್ರೆ ಏನಂತಾರೆ? ಅದನ್ನೇ ಅನ್ನಿ."

ಅಳಿಲಕ್ಕ ಕಣ್ಣು ಮುಚ್ಚಿದರು. ಲವಂಗ ದವಡೆ ಬದಲಿಸಿತು. ಮರುಕ್ಷಣ ನನ್ನ ಮೀಟರಿನ ಮುಳ್ಳು ಕೆಂಪಿಗೆ ಹಾರಿತು.

"ಅಯ್ಯೋ ನಿನ್ನ ಮೋರೆಗಿಷ್ಟು! ಉಪ್ಪಿಲ್ಲದ ಮುಖದವನೇ, ಹರಿದ ಚೀಲದಂಥ ಬಾಯಿಯವನೇ, ಎಷ್ಟು ಬೇಯಿಸಿದರೂ ಬೇಯದ ಕಾಳೇ! ನೀನು ಉದ್ಧಾರ ಆದ ಹಾಗೇ ಇದೆ! ಹ್ಞಾಂ? ಏನಂದೆ?"

ಆನೆಯ ಪಾತ್ರದವನು ಪಕ್ಕದ ಮೈಕಿನ ಮುಂದೆ ನಿಂತಿದ್ದ. ಆರಡಿ ಆಳು. ನಿಜಕ್ಕೂ "ತಪ್ಪಾಯ್ತಮ್ಮ" ಎಂದುಬಿಟ್ಟ. ಅದನ್ನೂ ಹಾಗೇ ಉಳಿಸಿಕೊಂಡೆವು.

ಧಾರಾವಾಹಿ ಮನೆಮಾತಾಯಿತು. ಬ್ಯಾಂಕಿನ ಸಾಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಕಚೇರಿಯ ಮೆಟ್ಟಿಲ ಮೇಲೆ ದೊಡ್ಡ ದೊಡ್ಡವರೆಲ್ಲ ಒಬ್ಬರನ್ನೊಬ್ಬರು "ಬೇಯದ ಕಾಳೇ" ಎಂದು ಕರೆಯತೊಡಗಿದರು. ಹೆಗ್ಗಣದ ಚಿತ್ರಕ್ಕೂ ಅಳಿಲಿಗೂ ಏನೇನೂ ಹೋಲಿಕೆ ಇರಲಿಲ್ಲ. ಆದರೆ ಕೇಳಿದವರಿಗೆಲ್ಲ ತಿಳಿಯುತ್ತಿತ್ತು, ಇದು ನಮ್ಮ ಅಳಿಲೇ, ಪಾಪ, ಬದುಕಿನಲ್ಲಿ ಬಳಲಿದೆ ಎಂದು. ನಗುವಿನ ಅರ್ಧ ಅಲ್ಲಿತ್ತು.

ಹಳೆಯ ಕಾರ್ಟೂನ್ ಕಂಪನಿಯವರಿಗೂ ತಿಳಿಯಿತು. ಐದನೆಯ ಕಂತಿನ ಹೊತ್ತಿಗೆ ಸಮನ್ಸ್ ಬಂತು. ನಮ್ಮ ಅಳಿಲಿನ ದನಿ ನಮ್ಮ ಸ್ವತ್ತು, ನಮ್ಮ ನಿರ್ದೇಶನದಲ್ಲಿ ಹುಟ್ಟಿದ್ದು, ಈಕೆ ಅದನ್ನು ಹೆಂಡ ಕುಡಿದ ಆನೆಗಳ ನಡುವೆ ತಂದು ಕೂರಿಸಿದ್ದಾರೆ, ಮಕ್ಕಳ ಮನಸ್ಸಿಗೆ ಘಾಸಿಯಾಗಿದೆ, ತಕ್ಷಣ ತಡೆಯಾಜ್ಞೆ ಬೇಕು ಎಂದು ದಾವೆ. ಹಳೆಯ ಕರಾರಿನಲ್ಲಿ ಒಂದು ಸಾಲು ಹಾಗೆಯೇ ಇತ್ತು ಕೂಡ: ಕಂಪನಿಯ ಕೆಲಸದಲ್ಲಿ ಸೃಷ್ಟಿಯಾದ ದನಿ ಕಂಪನಿಗೇ ಸೇರತಕ್ಕದ್ದು. ಅಳಿಲು ಶುರುವಾದಾಗ ಅಳಿಲಕ್ಕ ಸಂತೋಷದಲ್ಲಿ ಕನ್ನಡಕ ಹಾಕಿಕೊಳ್ಳದೆ ಅದಕ್ಕೆ ರುಜು ಹಾಕಿದ್ದರು.

ವಕೀಲರಿಗೆ ದೂರ ಹೋಗಬೇಕಾಗಿರಲಿಲ್ಲ. ಆಕೆಯ ಮೈದುನನೇ ವಕೀಲ. ಗಂಡನ ತಮ್ಮ. ಅದುವರೆಗೆ ಅವನು ನಡೆಸಿದ್ದೆಲ್ಲ ನಿನ್ನ ಮರದ ಎಲೆ ನನ್ನ ಅಂಗಳಕ್ಕೆ ಬಿತ್ತು ಎನ್ನುವ ಜಾತಿಯ ಕೇಸುಗಳು. ಕೋಟಿನ ಗುಂಡಿಯನ್ನು ಒಂದು ತೂತು ಮೇಲಕ್ಕೆ ತಪ್ಪಾಗಿ ಹಾಕಿಕೊಳ್ಳುವ ಮನುಷ್ಯ. ಹಳೆಯ ಮುದ್ರಣಗಳನ್ನು ತೋರಿಸಲು ನಾನೂ ಅವನ ಕಚೇರಿಗೆ ಹೋದೆ. ಮೆಟ್ಟಿಲ ಕೆಳಗಿನ ಒಂದು ಗೂಡು. ಮೂರು ಕುರ್ಚಿ, ಎರಡರ ಮೇಲೆ ಕಡತ. ಅಳಿಲಕ್ಕನ ಗಂಡ ಬಾಗಿಲಿಗೆ ಒರಗಿ ನಿಂತಿದ್ದರು. ಅವರದು ಕೈಗಡಿಯಾರ ರಿಪೇರಿಯ ಅಂಗಡಿ. ದಿನವಿಡೀ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುವುದರಿಂದಲೋ ಏನೋ, ಅದು ಇಲ್ಲದಾಗಲೂ ಒಂದು ಕಣ್ಣು ಕಿರಿದಾಗಿಯೇ ಇರುತ್ತಿತ್ತು. ಮಾತಂತೂ ವಾರಕ್ಕೊಂದು.

"ಅತ್ತಿಗೆ, ಈ ದನಿ ಕಂಪನಿಗೆ ಹೋಗೋಕೆ ಮುಂಚೆನೂ ನಿಮ್ಮ ಹತ್ರ ಇತ್ತು ಅಂತ ತೋರಿಸ್ಬೇಕು. ಶಾಲೇಲಿ ನಾಟಕ ಗೀಟಕ ಏನಾದ್ರೂ ಮಾಡಿದ್ರಾ?"

ಅಳಿಲಕ್ಕ ತಲೆ ಅಲ್ಲಾಡಿಸಿದರು.

"ಮತ್ತೆ ಎಲ್ಲಿಂದ ಬಂತು ಇದು? ಆಕಾಶದಿಂದ ಉದುರ್ತಾ?"

ಆಕೆ ನೆಲ ನೋಡಿದರು. ಕಾಲ ಹೆಬ್ಬೆರಳು ನೆಲ ಕೆರೆಯಿತು. ಏನೋ ಹೇಳಿದರು. ನಾವ್ಯಾರೂ ಕೇಳಿಸಿಕೊಳ್ಳಲಿಲ್ಲ.

"ಜೋರಾಗಿ ಹೇಳಿ ಅತ್ತಿಗೆ."

"ಅತ್ತೇದು," ಎಂದರು ಅಳಿಲಕ್ಕ.

ಮೈದುನನಿಗೆ ಅರ್ಥವಾಗಲಿಲ್ಲ. ನನಗೂ. ನಾನು ಸುಮ್ಮನೆ ಹಳೆಯ ಅಳಿಲನ್ನು ಹಾಕಿದೆ. ಅವನು ಮೊದಲ ಸಲ ಗಮನವಿಟ್ಟು ಅರ್ಧ ನಿಮಿಷ ಕೇಳಿದ. ಕಣ್ಣು ಅಗಲವಾಯಿತು. ಅವನ ಕೈ ತಾನಾಗಿಯೇ ಮೇಲೆ ಹೋಗಿ, ಬಿಚ್ಚಿಕೊಂಡಿದ್ದ ಕಾಲರಿನ ಗುಂಡಿ ಹಾಕಿಕೊಂಡಿತು. ಹೆತ್ತ ತಾಯಿ ಗದರಿದರೆ ಮಗ ಮಾಡುವ ಹಾಗೆ.

"ಅಯ್ಯೋ ದೇವರೇ! ಇದು ನಮ್ಮಮ್ಮ!"

ಬಾಗಿಲ ಬಳಿಯಿಂದ ಗಂಡ ಆ ವಾರದ ಮಾತಾಡಿದರು. "ನಂಗೆ ಮೊದಲ ದಿನವೇ ಗೊತ್ತಾಗಿತ್ತು."

"ಗೊತ್ತಾಗಿತ್ತಾ? ಮತ್ತೆ ಇಪ್ಪತ್ತೆರಡು ವರ್ಷ ಯಾಕೆ ಹೇಳ್ಲಿಲ್ಲ?" ಎಂದು ಅಳಿಲಕ್ಕ ಬೆಪ್ಪಾದರು.

ಅವರು ಹೆಗಲು ಕುಣಿಸಿದರು. ಇಬ್ಬರು ಹೆಂಗಸರ ನಡುವೆ ಬದುಕಿದ ಗಂಡಸಿಗೆ ಗೊತ್ತಿರುವುದೆಲ್ಲ ಆ ಹೆಗಲಿನಲ್ಲಿತ್ತು.

ಅತ್ತೆಗೆ ಆಗ ಎಂಬತ್ತನಾಲ್ಕು. ಐವತ್ತಕ್ಕೇ ಕಿವಿ ಮಂದವಾಗಿ, ಅರವತ್ತರ ಹೊತ್ತಿಗೆ ಮುಕ್ಕಾಲು ಮುಚ್ಚಿತ್ತು. ಯಾರು ಏನು ಹೇಳಿದರೂ "ಹ್ಞಾಂ? ಏನಂದೆ?" ಬಾಯಿ ಮಾತ್ರ ಚುರುಕಾಗುತ್ತಲೇ ಹೋಯಿತು. ಹಾಲಿನವನನ್ನು, ಗಾಳಿಗೆ ಬಡಿಯುವ ಕಿಟಕಿಯನ್ನು, ಕುದಿಯಲು ತಡ ಮಾಡುವ ನೀರನ್ನು, ಮಗನನ್ನು, ಸೊಸೆಯನ್ನು ಒಂದೇ ಸಮನಾಗಿ, ಪಕ್ಷಪಾತವಿಲ್ಲದೆ ಬೈಯುತ್ತಿದ್ದರು. ಸೊಸೆ ಎಲ್ಲೋ ಹೋಗಿ ಅಳಿಲಿನ ಹಾಗೆ ಮಾತಾಡಿ ಬರುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಆದರೆ ಆ ಅಳಿಲನ್ನು ಅವರು ಒಂದು ದಿನವೂ ಕೇಳಿರಲಿಲ್ಲ. ಟೀವಿಯಲ್ಲಿ ಬಾಯಿ ಆಡುವುದನ್ನಷ್ಟೇ ನೋಡಿ, "ಇಷ್ಟು ಸಣ್ಣ ಪ್ರಾಣಿಗೆ ಎಷ್ಟು ಬಾಯಿ!" ಎನ್ನುತ್ತಿದ್ದರು.

"ಅಮ್ಮನ್ನೇ ಸಾಕ್ಷಿ ಮಾಡ್ತೀನಿ. ಅವರಿಗೆ ಏನೂ ಹೇಳೋದು ಬೇಡ. ಕಟ್ಟೆ ಹತ್ತಿಸಿ ಎರಡು ಪ್ರಶ್ನೆ ಕೇಳಿದ್ರೆ ಸಾಕು, ಮಿಕ್ಕಿದ್ದು ತಾನಾಗೇ ಆಗುತ್ತೆ," ಎಂದ ಮೈದುನ.

ಅಳಿಲಕ್ಕ ಎದ್ದು ನಿಂತರು. ಆಕೆ ಯಾರಿಗಾದರೂ ಆಗದು ಎಂದದ್ದನ್ನು ನಾನು ಕಂಡದ್ದು ಅದೇ ಮೊದಲು. "ಅವರಿಗೆ ಹೇಳ್ದೆ ಕರ್ಕೊಂಡು ಹೋಗೋದು ಬೇಡ. ಇಷ್ಟು ವರ್ಷ ಕದ್ದಿದ್ದೇ ಸಾಕು. ನಾನೇ ಹೇಳ್ತೀನಿ."

ಹೇಳಿದರು. ಆ ಸಂಜೆ ಅತ್ತೆಯ ಮಂಚದ ಪಕ್ಕ ಕೂತು, ಮೊದಲು ತಮ್ಮ ದನಿಯಲ್ಲಿ, ಆಮೇಲೆ ಕೂಗಿ, ಆಮೇಲೆ ಅರಚಿ.

"ಅತ್ತೆ, ಆ ಅಳಿಲು! ಅಳಿಲು ನೀವೇ!"

"ಅಳಲಾ? ಯಾರು ಅಳೋದು?"

"ಅಳೋದಲ್ಲ ಅತ್ತೆ, ಅಳಿಲು! ಕೋರ್ಟಲ್ಲಿ ನೀವು..."

"ಕೋರ್ಟಲ್ಲಿ ನಾನು ಅಳ್ಬೇಕಾ? ನಾನ್ಯಾಕೆ ಅಳಲಿ? ನಿಮ್ಮಾವ ಹೋದಾಗಲೇ ನಾನು ನಾಲ್ಕು ಜನರ ಮುಂದೆ ಅಳಲಿಲ್ಲ!"

ಕಿಟಕಿ ತೆರೆದಿತ್ತು. ಮೇಲಿನ ಮನೆಯವರಿಗೆ, ಕೆಳಗಿನ ಮನೆಯವರಿಗೆ, ಎದುರಿನ ಬೇಕರಿಯವನಿಗೆ, ಅಳಿಲಿನ ದನಿ ಮುದುಕಮ್ಮನದು ಎಂಬ ಸಂಗತಿ ಸವಿವರವಾಗಿ ತಲುಪಿತು. ತಲುಪದೆ ಉಳಿದದ್ದು ಒಬ್ಬರಿಗೆ ಮಾತ್ರ. ಕಾಗದದಲ್ಲಿ ಬರೆದು ಕೊಟ್ಟರೆ, ಕನ್ನಡಕ ಸಿಗಲಿಲ್ಲ ಎಂದು ಮಡಿಸಿ ದಿಂಬಿನ ಕೆಳಗಿಟ್ಟುಕೊಂಡು, "ಆಯ್ತೇ, ನಿನಗೋಸ್ಕರ ನಾಲ್ಕು ಹನಿ ಅತ್ತರಾಯ್ತು ಬಿಡು. ಕೋರ್ಟಿನವರು ಹೆಂಗಸರ ಕಣ್ಣೀರಿಗೆ ಕರಗ್ತಾರಂತೆ," ಎಂದು ಸೊಸೆಯ ಬೆನ್ನು ತಟ್ಟಿದರು. ಅಳಿಲಕ್ಕ ನನಗೆ ಇದನ್ನು ಹೇಳುವಾಗ ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ವಿಚಾರಣೆಯ ದಿನ ಕೋರ್ಟಿನ ಕೋಣೆ ಬಸ್ಸಿನ ಹಾಗೆ ತುಂಬಿತ್ತು. ಬೇರೆ ಕೇಸುಗಳ ವಕೀಲರೂ ಕೆಲಸವಿದ್ದಂತೆ ನಟಿಸುತ್ತ ಬಂದು ಗೋಡೆಗೆ ಆನಿಕೊಂಡಿದ್ದರು. ಎದುರು ಪಕ್ಷದ ವಕೀಲರು ನೀಟುಗಾರ. ಇಸ್ತ್ರಿಯ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಮುಂದೆ ಐದು ದಪ್ಪ ಪುಸ್ತಕಗಳು. ನ್ಯಾಯಾಧೀಶರಿಗೆ ನಲವತ್ತರ ಮೇಲೆ ಒಂದೆರಡು ಇರಬಹುದು. ಮುಖ ಬಿಗಿದುಕೊಂಡಿದ್ದರು. ನಾನು ಅವರ ವಯಸ್ಸು ಲೆಕ್ಕ ಹಾಕಿದೆ. ಅಳಿಲು ಶುರುವಾದಾಗ ಇವರು ಕಾಲೇಜಿನ ಹುಡುಗನಾಗಿರಬೇಕು, ಹಾಗಾದರೆ ಕದ್ದು ನೋಡಿರಬೇಕು ಎಂದುಕೊಂಡೆ.

ಅತ್ತೆಯವರು ಸಾಕ್ಷಿಕಟ್ಟೆ ಹತ್ತಿದರು. ಬೂದು ಬಣ್ಣದ ಶಾಲು, ಕೈಯಲ್ಲಿ ಅಳುವುದಕ್ಕೆಂದೇ ತಂದ ಇಸ್ತ್ರಿ ಮಾಡಿದ ಕರವಸ್ತ್ರ. ನ್ಯಾಯಾಧೀಶರು ಮೃದುವಾಗಿ, "ತಾಯಿ, ಕೂತು ಮಾತಾಡಬಹುದು," ಎಂದರು.

ಅತ್ತೆ ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದರು.

"ಹ್ಞಾಂ? ಏನಂದೆ?"

 ಗೋಡೆಗೆ ಆನಿಕೊಂಡಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಅಷ್ಟೇ, ಕಟ್ಟೆಯೊಡೆದ ಹಾಗೆ ಇಡೀ ಕೋಣೆ ನಕ್ಕಿತು. ಬೆಂಚ್ ಕ್ಲರ್ಕ್ ಟೈಪ್ ಮಾಡುವುದು ಬಿಟ್ಟು ಮೇಜಿನ ಮೇಲೆ ತಲೆ ಇಟ್ಟಳು. ನ್ಯಾಯಾಧೀಶರು ಕಡತವೊಂದನ್ನು ಮುಖಕ್ಕೆ ಅಡ್ಡ ಹಿಡಿದು ಬಹಳ ಹೊತ್ತು ಓದಿದರು. ಕಡತ ತಲೆಕೆಳಗಾಗಿತ್ತು.

"ನಿಶ್ಶಬ್ದ," ಎಂದರು ಕೊನೆಗೆ. ದನಿ ನಡುಗುತ್ತಿತ್ತು.

ಮೈದುನ ಮುಂದೆ ಬಂದು ಅಮ್ಮನ ಕಿವಿಯ ಬಳಿ ಕೂಗಿದ. "ಪ್ರತಿವಾದಿಗೆ ನೀವು ಏನಾಗಬೇಕು?"

"ಏನಾಗ್ಬೇಕು ಅಂದ್ರೆ? ನಿನಗೆ ಗೊತ್ತಿಲ್ವಾ? ನಿಮ್ಮತ್ತಿಗೆಗೆ ನಾನೇನಾಗ್ಬೇಕು ಅಂತ ನನ್ನನ್ನ ಕೇಳ್ತಾನೆ ಇವನು! ಬೇಯದ ಕಾಳೇ, ಇದನ್ನ ಕೇಳೋಕೆ ನಿನ್ನ ಐದು ವರ್ಷ ಓದಿಸಿದ್ನಾ? ಆ ಗುಂಡಿ ನೋಡು, ಯಾವ್ದು ಎಲ್ಲಿಗೆ ಹಾಕಿದ್ದೀಯ! ಇವನು ಉದ್ಧಾರ ಆದ ಹಾಗೇ ಇದೆ!"

ಮೈದುನ ಗುಂಡಿ ಬಿಚ್ಚಿ ಸರಿಯಾಗಿ ಹಾಕಿಕೊಂಡ. ತೃಪ್ತಿಯಿಂದ ಕೈಮುಗಿದು, "ಇಷ್ಟೇ ಮಹಾಸ್ವಾಮಿ," ಎಂದು ಕೂತ.

ನೀಟುಗಾರ ವಕೀಲರು ಪಾಟೀಸವಾಲಿಗೆ ಎದ್ದರು. ಸುಮ್ಮನಿದ್ದಿದ್ದರೆ ಒಳ್ಳೆಯದಿತ್ತು. "ಇದೆಲ್ಲ ನಾಟಕ ಮಹಾಸ್ವಾಮಿ. ಸೊಸೆಯೇ ಈ ದನಿಯನ್ನು ಅತ್ತೆಗೆ ಕಲಿಸಿ ಕರೆತಂದಿದ್ದಾರೆ," ಎಂದು ಗುಡುಗಿದರು. ಗುಡುಗಿದ್ದರಿಂದಲೇ ಅದು ಅತ್ತೆಗೆ ಸ್ಪಷ್ಟವಾಗಿ ಕೇಳಿಸಿತು.

"ಸೊಸೆ ನಂಗೆ ಕಲಿಸಿದ್ಲಾ? ನಾನು ಅತ್ತೆನೋ ಅವಳು ಅತ್ತೆನೋ? ಹ್ಞಾಂ? ಕೋಟು ಇಸ್ತ್ರಿ ಮಾಡಿಸಿದ್ರೆ ಸಾಲದಪ್ಪ, ಬುದ್ಧಿನೂ ಸ್ವಲ್ಪ ಇಸ್ತ್ರಿ ಮಾಡಿಸು! ಆ ಹುಡುಗಿ ನಂಗೆ ಎದುರು ಮಾತಾಡಿದವಳಲ್ಲ. ಟೀ ಕೇಳೋಕೆ ಬಾಯಿ ಬರದವಳು, ನಂಗೆ ಮಾತಾಡೋದು ಕಲಿಸ್ತಾಳಂತೆ!"

ನಗು ಮತ್ತೆ ಎದ್ದಿತು. ಆದರೆ ಅತ್ತೆ ಈಗ ಸುತ್ತ ನೋಡತೊಡಗಿದ್ದರು. ಜನ ಯಾಕೆ ನಗುತ್ತಿದ್ದಾರೆ ಎಂಬುದು ಅವರಿಗೆ ತಿಳಿಯಲಿಲ್ಲ. ಕರವಸ್ತ್ರ ಮುದುಡಿತು. ಅಷ್ಟು ಬಾಯಿಯ ಹೆಂಗಸು, ಅಲ್ಲಿ ಕಟ್ಟೆಯ ಮೇಲೆ ಇದ್ದಕ್ಕಿದ್ದಂತೆ ಚಿಕ್ಕವರಾಗಿ ಕಂಡರು. "ಯಾಕೇ ನಗ್ತಿದ್ದಾರೆ? ನಾನೇನು ತಪ್ಪು ಹೇಳ್ದೆ?" ಎಂದು ಸೊಸೆಯ ಕಡೆ ನೋಡಿ ಕೇಳಿದರು.

ಅಳಿಲಕ್ಕ ನನ್ನತ್ತ ತಿರುಗಿದರು. "ನಿಮ್ಮ ಹೆಡ್‌ಫೋನ್ ಕೊಡಿ."

ನಾನು ಸಾಕ್ಷ್ಯಕ್ಕೆಂದು ತಂದಿದ್ದ ಸ್ಟುಡಿಯೋದ ದೊಡ್ಡ ಹೆಡ್‌ಫೋನು ಅದು. ನ್ಯಾಯಾಧೀಶರು ಅಪ್ಪಣೆ ಕೊಟ್ಟರು. ಅಳಿಲಕ್ಕ ಕಟ್ಟೆಯ ಬಳಿ ಹೋಗಿ, ತುದಿಗಾಲಲ್ಲಿ ನಿಂತು, ಅದನ್ನು ಅತ್ತೆಯ ಬಿಳಿ ತಲೆಗೆ ತೊಡಿಸಿದರು. ನಾನು ದನಿಯನ್ನು ಕೊನೆಯ ಗೆರೆಯವರೆಗೆ ಏರಿಸಿದೆ. ನಮ್ಮ ಕಿವಿ ಒಡೆಯಬಹುದಾದಷ್ಟು. ಅಳಿಲಿನ ಮೊತ್ತಮೊದಲ ಕಂತು.

ಅತ್ತೆ ಕೇಳಿದರು. ಹುಬ್ಬು ಗಂಟಿಕ್ಕಿತು. ಬಾಯಿ ಸ್ವಲ್ಪ ತೆರೆಯಿತು. ಎರಡೂ ಕೈ ಮೇಲೆತ್ತಿ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರು. ಕೋಣೆಯೆಲ್ಲ ಅವರ ಮುಖವನ್ನೇ ನೋಡುತ್ತಿತ್ತು. ತನ್ನನ್ನು ಅಣಕಿಸಿದ್ದು ಇವರಿಗೆ ಗೊತ್ತಾಗುವ ಗಳಿಗೆ ಇದು ಎಂದುಕೊಂಡೆ. ಅಳಿಲಕ್ಕ ಕಣ್ಣು ಮುಚ್ಚಿಕೊಂಡಿದ್ದರು.

"ಇದು ನಮ್ಮಮ್ಮ," ಎಂದರು ಅತ್ತೆ.



"ನಮ್ಮಮ್ಮನ ದನಿ ಕಣೇ ಇದು! ಹೀಗೇ ಬೈತಿದ್ಲು, ನಾವು ಆರು ಮಕ್ಕಳನ್ನೂ. ಅವಳು ಹೋಗಿ ಅರವತ್ತೆಂಟು ವರ್ಷ ಆಯ್ತಲ್ಲೇ... ಇದನ್ನ ನೀನು ಎಲ್ಲಿ ಹಿಡಿದೆ?"

ತಮ್ಮ ದನಿ ತಮಗೆ ಹೊರಗಿನಿಂದ ಕೇಳಿದರೆ ಯಾರಿಗೂ ಗುರುತು ಸಿಗದು. ನನ್ನ ಕಸುಬಿನಲ್ಲಿ ದಿನಾ ನೋಡುವ ಸಂಗತಿ. ಆದರೆ ಆ ಹೊತ್ತು ಅದನ್ನು ವಿವರಿಸಬೇಕೆಂದು ನನಗನ್ನಿಸಲಿಲ್ಲ. ಅಮ್ಮನಿಂದ ಮಗಳಿಗೆ ಬಂದದ್ದು, ಅತ್ತೆಯಿಂದ ಸೊಸೆಗೆ ಬಂದಿದೆ, ಅವರು ಹೇಳಿದ್ದರಲ್ಲಿ ಸುಳ್ಳೇನಿತ್ತು?

"ಇನ್ನೊಂದ್ಸಲ ಹಾಕು," ಎಂದರು ನನಗೆ.

ಹಾಕಿದೆ. ಇನ್ನೂ ಒಂದು ಸಲ ಎಂದರು. ಅದನ್ನೂ ಹಾಕಿದೆ. ಮೂರನೆಯ ಸಲ ಕರಡಿ ಬಾವಿಗೆ ಬೀಳುವ ಹೊತ್ತಿಗೆ ನ್ಯಾಯಾಧೀಶರು ಗಂಟಲು ಸರಿಪಡಿಸಿಕೊಂಡು, "ತಾಯಿಯವರು ಮಿಕ್ಕಿದ್ದನ್ನು ಮನೆಯಲ್ಲಿ ಕೇಳಬಹುದು," ಎಂದರು. ಅತ್ತೆಗೆ ಅದು ಕೇಳಿಸಲಿಲ್ಲ. ನಾಲ್ಕನೆಯ ಸಲವೂ ಆಯಿತು.

ಹೊರಗೆ ಮೊಗಸಾಲೆಯ ಬೆಂಚಿನ ಮೇಲೆ ಅತ್ತೆ ಸೊಸೆ ಇಬ್ಬರೂ ಕೂತಿದ್ದಾಗ ನಾನು ತಂತಿ ಸುತ್ತಿಕೊಳ್ಳುತ್ತ ಪಕ್ಕದಲ್ಲೇ ಇದ್ದೆ. ಅತ್ತೆ ದಿಂಬಿನ ಕೆಳಗಿನ ಕಾಗದವನ್ನು ಶಾಲಿನ ಮಡಿಕೆಯಲ್ಲಿ ತಂದಿದ್ದರು. ಈಗ ಮಗನ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು.

"ಅಂದ್ರೆ ಇಪ್ಪತ್ತೆರಡು ವರ್ಷ ನನ್ನ ಆಡ್ಕೊಂಡೆ ಅನ್ನು."

"ಆಡ್ಕೊಂಡಿಲ್ಲ ಅತ್ತೆ," ಎಂದರು ಅಳಿಲಕ್ಕ.

"ಹ್ಞಾಂ? ಏನಂದೆ?"

ಅಳಿಲಕ್ಕ ಎದ್ದು ನಿಂತರು. ಮೊಗಸಾಲೆಯ ಆ ತುದಿಯವರೆಗೂ ಕೇಳುವ ಹಾಗೆ ಕೂಗಿದರು. ಅದು ಅಳಿಲಿನ ದನಿಯಲ್ಲ, ಲಿಫ್ಟಿನದಲ್ಲ, ನಾನು ಯಾವತ್ತೂ ಮುದ್ರಿಸದ ಇನ್ನೊಂದು ದನಿ. "ಆಡ್ಕೊಂಡಿಲ್ಲ ಅಂದೆ! ಅವತ್ತು ಅಳಿಲಿನ ದನಿ ಆಯ್ಕೆಗೆ ಹದಿನೇಳು ಜನ ಬಂದಿದ್ರು! ನಂಗೆ ಬಾಯೇ ಬರ್ಲಿಲ್ಲ! ನಿಮ್ಮ ಹಾಗೆ ಮಾತಾಡಿದ್ರೆ ಯಾರೂ ನನ್ನ ಬಾಯಿ ಮುಚ್ಚಿಸೋಕಾಗಲ್ಲ ಅನ್ನಿಸ್ತು! ಅದಕ್ಕೆ!"

ಅತ್ತೆ ಕನ್ನಡಕ ತೆಗೆದು ಮಡಿಸಿದರು. ಆಮೇಲೆ, "ಅಷ್ಟು ಕೂಗ್ಬೇಡ, ನಾನೇನು ಕಿವುಡಿನಾ?" ಎಂದರು.

ಹದಿನೈದು ದಿನದ ಮೇಲೆ ಆದೇಶ ಬಂತು. ಕಂಪನಿ ತನ್ನ ಕೆಲಸದಲ್ಲಿ ಸೃಷ್ಟಿಯಾದದ್ದನ್ನು ತನ್ನದೆನ್ನಬಹುದು. ಆದರೆ ಈ ದನಿ ಕಂಪನಿ ಹುಟ್ಟುವ ಮೊದಲೇ ಒಂದು ಮನೆಯಲ್ಲಿ ದಿನನಿತ್ಯ ಬಳಕೆಯಲ್ಲಿದ್ದದ್ದು ಕಂಡುಬಂದಿದೆ, ಅಷ್ಟೇ ಅಲ್ಲ, ನ್ಯಾಯಾಲಯದ ಮೇಲೂ ಅದರ ಬಳಕೆಯಾಗಿದೆ ಎಂದು ನ್ಯಾಯಾಧೀಶರು ಬರೆದಿದ್ದರು. ತಡೆಯಾಜ್ಞೆ ಸಿಗಲಿಲ್ಲ. ಕಂಪನಿಯವರು ಮೇಲಿನ ಕೋರ್ಟಿಗೆ ಹೋಗುತ್ತೇವೆ ಎಂದು ಪತ್ರಿಕೆಗಳಲ್ಲಿ ಹೇಳಿ, ಹೋಗಲಿಲ್ಲ. ಮೈದುನನ ಗೂಡಿಗೆ ಈಗ ಜನ ಬರತೊಡಗಿದರು. ಆದರೆ ಬಂದವರಲ್ಲಿ ಅರ್ಧ ಜನ ಅಮ್ಮ ಸಿಗ್ತಾರಾ ಎಂದು ಕೇಳುವವರು.

ಗೆದ್ದೆವು ಎಂದುಕೊಂಡೆವು. ಆದರೆ ನಿಜವಾದ ಪೇಚು ಆಮೇಲೆ ಶುರುವಾಯಿತು. ತಮ್ಮ ಮಾತನ್ನು ಊರೆಲ್ಲ ಕೇಳುತ್ತಿದೆ ಎಂದು ತಿಳಿದ ಮೇಲೆ ಅತ್ತೆ ಬೈಯುವುದನ್ನೇ ನಿಲ್ಲಿಸಿಬಿಟ್ಟರು. ಬಾಚಿದ ತಲೆ, ಮಡಿಸಿದ ಕೈ. ಹಾಲಿನವನು ತಡವಾಗಿ ಬಂದರೆ "ಪರವಾಗಿಲ್ಲಪ್ಪ, ನಿನಗೂ ಕೆಲಸ ಇರುತ್ತೆ" ಎಂದರಂತೆ. ಅವನು ಹೆದರಿ ಮರುದಿನ ಅರ್ಧ ಗಂಟೆ ಮೊದಲೇ ಬಂದ. ಕಿಟಕಿ ಬಡಿದರೆ ಎದ್ದು ಹೋಗಿ ಮೆಲ್ಲಗೆ ಹಾಕಿ ಬಂದರು. ಸೊಸೆಯನ್ನು "ನೀನು ದಣಿದಿರ್ತೀಯ, ಕೂತ್ಕೋಮ್ಮ" ಎಂದರು. ಮನೆಯಲ್ಲಿ ಯಾರೋ ಹೊಸಬರು ಬಂದು ಉಳಿದ ಹಾಗಾಯಿತು. ಗಂಡ ಅಂಗಡಿಯಿಂದ ತಡವಾಗಿ ಬರತೊಡಗಿದರು. ಇತ್ತ ಸ್ಟುಡಿಯೋದಲ್ಲಿ ಹೆಗ್ಗಣ ವಕೀಲೆಯೂ ಸಪ್ಪಗಾದಳು. ಅಳಿಲಕ್ಕ ಡೈರೆಕ್ಟರಿ ಹತ್ತಿ ಬೈದರೆ ಪುಸ್ತಕ ಓದಿದ ಹಾಗಿತ್ತು. ಆನೆಯ ಪಾತ್ರದವನು, "ಯಾಕೋ ಭಯ ಆಗ್ತಾ ಇಲ್ಲಕ್ಕಾ," ಎಂದು ಬೇಸರದಿಂದ ಹೇಳಿದ.

"ಕಿವಿಯಲ್ಲಿ ಅವರ ಮಾತು ಇಲ್ದೆ ನಂಗೆ ಬರ್ತಾ ಇಲ್ಲ," ಎಂದರು ಅಳಿಲಕ್ಕ. "ಬೈರಿ ಅತ್ತೆ ಅಂತ ಹೇಗೆ ಕೇಳೋದು?"

ಎಂಟು ದಿನ ಹೀಗೆ ನಡೆಯಿತು. ಒಂಬತ್ತನೆಯ ದಿನ ಭಾನುವಾರ. ಬೆಳಿಗ್ಗೆ ಅತ್ತೆ ತಮ್ಮ ಮಂಚದ ಮೇಲೆ ಹೊಸದಾಗಿ ಒಗೆದ ಬಿಳಿ ಹೊದಿಕೆ ಹಾಸಿ, ಸುಕ್ಕೆಲ್ಲ ಸವರಿ, ಒಳಗೆ ಹೋಗಿದ್ದರು. ಗಂಡ ಸ್ನಾನ ಮುಗಿಸಿ ಬಂದರು. ಸುತ್ತ ನೋಡಿದರು. ನೀರು ತೊಟ್ಟಿಕ್ಕುವ ಒದ್ದೆ ಟವಲನ್ನು ತಂದು ಆ ಹೊದಿಕೆಯ ನಟ್ಟನಡುವೆ ಹರಡಿದರು. ಅದರ ಪಕ್ಕ ಅಂಗಡಿಯ ಎಣ್ಣೆ ಡಬ್ಬಿ ಇಟ್ಟರು. ಆಮೇಲೆ ಚಪ್ಪಲಿ ಹಾಕಿಕೊಂಡೇ ಹೋಗಿ ಅಮ್ಮನ ಕುರ್ಚಿಯಲ್ಲಿ ಕೂತು, ಕಾಲು ಚಾಚಿ, ಪತ್ರಿಕೆ ಬಿಡಿಸಿದರು.

ಅಳಿಲಕ್ಕ ಅಡುಗೆಮನೆಯ ಬಾಗಿಲಿನಿಂದ ಇದನ್ನೆಲ್ಲ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಿದ್ದರಂತೆ.

ಅತ್ತೆ ಬಂದರು. ಹೊದಿಕೆ ನೋಡಿದರು. ಡಬ್ಬಿ ನೋಡಿದರು. ಚಪ್ಪಲಿ ನೋಡಿದರು. ಕೈ ಮಡಿಸಿದರು, ಬಿಚ್ಚಿದರು. ತುಟಿ ಕಚ್ಚಿಕೊಂಡರು. "ಮಗಾ, ಟವಲನ್ನ ಸ್ವಲ್ಪ..." ಎಂದು ಮೆದುವಾಗಿಯೇ ಶುರು ಮಾಡಿದರು. ಮಗ ಪತ್ರಿಕೆಯ ಹಿಂದಿನಿಂದ, "ಹ್ಞಾಂ? ಏನಂದೆ?" ಎಂದರು.

ಅರ್ಧ ಗಂಟೆ ನಡೆಯಿತಂತೆ. ಮಗನ ಹುಟ್ಟಿದ ಗಳಿಗೆಯಿಂದ ಹಿಡಿದು, ಅವನು ಎರಡನೆಯ ತರಗತಿಯಲ್ಲಿ ಕಳೆದ ಛತ್ರಿಯವರೆಗೆ ಯಾವುದೂ ಉಳಿಯಲಿಲ್ಲ. ಮೇಲಿನ ಮನೆಯವರು ಕಿಟಕಿ ತೆರೆದರು. ಬೇಕರಿಯವನು ರೇಡಿಯೋ ಆರಿಸಿದ. ಗಂಡ ಪತ್ರಿಕೆಯ ಹಿಂದೆ ಕಿರಿದಾದ ಕಣ್ಣನ್ನೂ ಅಗಲ ಮಾಡಿಕೊಂಡು, ಬಿಸಿಲಿಗೆ ಕೂತವರ ಹಾಗೆ ಸುಖವಾಗಿ ಕೂತಿದ್ದರು. ಅಳಿಲಕ್ಕ ಅಡುಗೆಮನೆಯಲ್ಲಿ ಸಾಮಾನಿನ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಳ್ಳಲು ಹೊರಟು, ಕೈ ಸಾಲದೆ ಬಿಟ್ಟು, ಸುಮ್ಮನೆ ನಿಂತು ಕೇಳಿದರು.

ಸೋಮವಾರ ಹೆಗ್ಗಣ ವಕೀಲೆ ಒಂದೇ ಏಟಿಗೆ ಮೂರು ಕಂತು ಮುಗಿಸಿದಳು. ಕ್ಯಾಂಟೀನಿನವನು ಅಂದು ಕಾಫಿ ತಂದಿಟ್ಟಾಗ ಅಳಿಲಕ್ಕ ಲೋಟವನ್ನು ವಾಪಸು ಅವನ ಕಡೆಗೆ ತಳ್ಳಿ, "ನಾನು ಕೇಳಿದ್ದು ಟೀ ಕಣಪ್ಪ," ಎಂದರು. ಸಾಧಾರಣ ದನಿಯಲ್ಲಿ. ಅವನಿಗೆ ಮೊದಲ ಸಲಕ್ಕೇ ಕೇಳಿಸಿತು.